ಮಗಳು ಫೋನಿನಲ್ಲಿದ್ದಾಳೆ

ಜನವರಿ 8

ಅಪ್ಪಾ,

ಕಾಗದ ನೋಡಿದ ಕೂಡಲೇ ಹುಬ್ಬು ಗಂಟಿಕ್ಕಬೇಡ, ಮೊದಲು ಕೂತುಕೋ. ನಿನ್ನ ಕಣ್ಣಿಗೆ ಪೊರೆ ಬಂದಿದೆ ಅನ್ನುವ ಸುದ್ದಿಯೂ ನೀನು ಹೊಸ ಫೋನು ಕೊಂಡಿದ್ದೀಯ ಅನ್ನುವ ಸುದ್ದಿಯೂ ಒಟ್ಟಿಗೇ ಸಿಕ್ಕವು. ಪೊರೆಯ ಸಲುವಾಗಿ ಈ ಕಾಗದವನ್ನು ಕಂಪ್ಯೂಟರಿನಲ್ಲಿ ದಪ್ಪ ಅಕ್ಷರದಲ್ಲಿ ಹೊಡೆದಿದ್ದೇನೆ. ಫೋನಿನ ಸಲುವಾಗಿ ಬರೆಯುತ್ತಿದ್ದೇನೆ. ಸುದ್ದಿ ಕೊಟ್ಟವರು ನಿನ್ನ ಕೋಣೆಯ ಕೆಳಗಿನ ಸಲೂನ್ ಮಾಮ. ಆಗಾಗ ಅವರ ಅಂಗಡಿಗೆ ಫೋನ್ ಮಾಡಿ ನಿನ್ನ ವಿಚಾರ ಕೇಳುತ್ತಿರುತ್ತೇನೆ. ಅವರ ಮೇಲೆ ರೇಗಬೇಡ, ನಿನ್ನ ಗಡ್ಡ ಅವರ ಕೈಯಲ್ಲಿದೆ.

ಅಮ್ಮ ತೀರಿಕೊಂಡ ವರ್ಷ ನಾವು ಆಡಿಕೊಂಡ ಮಾತು ನೆನಪಿದೆ. ‘ಬೀಗದಂಗಡಿ ಮುಚ್ಚಿ ನನ್ನ ಜೊತೆ ಬಂದ್ಬಿಡು’ ಅಂದೆ ನಾನು. ‘ಅಂಗಡಿ ಮುಚ್ಚೋ ದಿನ ನನ್ನ ಬಾಯೂ ಮುಚ್ಚಿರುತ್ತೆ’ ಅಂದೆ ನೀನು. ‘ಹಾಗಾದ್ರೆ ಇನ್ನು ನಾನು ಕರೆಯಲ್ಲ’ ಅಂದೆ. ಹಟದಲ್ಲಿ ಇಬ್ಬರೂ ಒಂದೇ ಅಚ್ಚು. ಅದನ್ನು ಈಗ ಕೆದಕುವುದಿಲ್ಲ.

ಇಲ್ಲಿನ ಗ್ರಂಥಾಲಯದಲ್ಲಿ ನಾನೀಗ ವಯಸ್ಸಾದವರಿಗೆ ಫೋನಿನ ಪಾಠ ಹೇಳುತ್ತೇನೆ. ಒಬ್ಬರು ಬಸ್ ಓಡಿಸಿ ನಿವೃತ್ತರಾದವರು. ಪರದೆಯ ಮೇಲೆ ಏನಾದರೂ ಮಿನುಗಿದರೆ ಬಲಗಾಲು ತಾನಾಗಿ ಬ್ರೇಕ್ ಒತ್ತುತ್ತದೆ. ಒಬ್ಬ ಸೂಲಗಿತ್ತಿ ಇದ್ದಾರೆ, ಎಲ್ಲದಕ್ಕೂ ಒಂದೇ ಪಾಸ್‌ವರ್ಡ್, ಅದನ್ನೂ ಕೂಗಿಯೇ ಹೇಳುತ್ತಾರೆ. ಒಂದು ಜೋಡಿಗೆ ಇಬ್ಬರಿಗೂ ಸೇರಿ ಒಂದೇ ಫೋನು. ಹಾಳಾದದ್ದೆಲ್ಲ ಇನ್ನೊಬ್ಬರ ಕೈಯಿಂದಲೇ ಎಂದು ಇಬ್ಬರದೂ ವಾದ. ‘ಮೋಸಗಾರ ಬೀಗ ಒಡೆಯಲ್ಲ, ನಮ್ಮ ಕೈಯಿಂದಲೇ ತೆಗೆಸ್ತಾನೆ’ ಎಂದು ಮೊದಲ ದಿನವೇ ಅವರಿಗೆ ಹೇಳುತ್ತೇನೆ. ಅದು ನಿನ್ನ ಮಾತು. ನಿನ್ನ ಹೆಸರು ಹೇಳದೆ ಕದ್ದಿದ್ದೇನೆ.

ಪಾಠದ ಹಾಳೆಯನ್ನು ಜೊತೆಗಿಟ್ಟಿದ್ದೇನೆ. ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತಬೇಡ. ಅವಸರ ಮಾಡುವವರನ್ನು, ಹೆದರಿಸುವವರನ್ನು, ‘ಬೇರೆಯವರ ಹತ್ತಿರ ಮಾತಾಡಬೇಡಿ’ ಎನ್ನುವವರನ್ನು ನಂಬಬೇಡ. ಫೋನಿಗೆ ಬರುವ ಓಟಿಪಿ ಅಂಕಿಯನ್ನು ಯಾರಿಗೂ ಓದಿ ಹೇಳಬೇಡ. ಮುಖ, ದನಿ ಎರಡನ್ನೂ ಈಗ ನಕಲು ಮಾಡುತ್ತಾರೆ, ಕಂಡದ್ದನ್ನೆಲ್ಲ ನಂಬಬೇಡ. ಗ್ರಂಥಾಲಯದವರು ನನ್ನ ಪಾಠಗಳನ್ನು ವಿಡಿಯೋ ಮಾಡಿ ಹಾಕಿದ್ದಾರೆ, ಬೇಕಾದರೆ ನೋಡು. ಎಷ್ಟು ದಪ್ಪಗಾಗಿದ್ದಾಳೆ ಎಂದು ಮಾತ್ರ ಅನ್ನಬೇಡ.

ನಿನ್ನ ಹೊಸ ನಂಬರನ್ನು ಕಾಗದದಲ್ಲಿ ಬರೆದು ಕಳಿಸುತ್ತೀಯಾ? ಸಲೂನ್ ಮಾಮನನ್ನು ಕೇಳಬಹುದಿತ್ತು. ನೀನೇ ಕೊಡಲಿ ಅನ್ನಿಸಿತು.

ಇಂತಿ
ನಿನ್ನ ಮಗಳು


ಜನವರಿ 20

ಪ್ರೀತಿಯ ಚಿಲಕಾ,

ಕಾಗದ ಬಂತು. ಇಷ್ಟು ದಪ್ಪ ಅಕ್ಷರ ಯಾಕೆ ಮಾರಾಯ್ತಿ? ಪೊರೆ ಬಂದಿದೆ, ಕುರುಡನಾಗಿಲ್ಲ. ಸಣ್ಣ ಬೀಗ ಬಿಚ್ಚುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಇದೆಯಲ್ಲ, ಅದನ್ನು ಹಾಕಿಕೊಂಡರೆ ಇರುವೆಯ ಮೀಸೆಯೂ ಕಾಣುತ್ತದೆ. ಬಾಗಿಲಾಚೆ ನಿಂತವರ ಮುಖ ಮಾತ್ರ ಈಚೆಗೆ ಹೊಗೆ ಹಿಡಿದಂತೆ ಕಾಣುತ್ತದೆ. ಅದಕ್ಕೇನು, ಬಾಗಿಲಿಗೆ ಬರುವವರೆಲ್ಲ ಬೀಗ ತಂದಿರುತ್ತಾರೆ, ನಾನು ಬೀಗ ನೋಡುತ್ತೇನೆ.

ನಿನ್ನದೊಂದು ಮಾತು ಓದಿ ನಗು ಬಂತು. ನಂಬರ್ ಕಳಿಸು ಅಂತೀಯಲ್ಲ, ದಿನಾ ಸಂಜೆ ಫೋನ್ ಮಾಡುತ್ತಿರುವವಳು ಯಾರು, ನಿನ್ನ ಅಜ್ಜಿಯೇ? ಕಾಗದ ಹಾಕಿದ್ದು ಮೊದಲು, ಫೋನ್ ಮಾಡಿದ್ದು ಆಮೇಲೆ ಇರಬೇಕು. ಅಂಚೆಯವರು ಆಮೆಯ ಮೇಲೆ ಕೂತು ಬರುತ್ತಾರೆ.

ಮೊದಲ ದಿನದ್ದು ಹೇಳಬೇಕು. ಸಲೂನಿನವನು ನಿನ್ನ ಪಾಠ ತೋರಿಸಿದ. ನೀನು ಪರದೆಯೊಳಗೆ ಕೂತು ಮಾತಾಡುತ್ತಿದ್ದೆ, ಥೇಟ್ ನಿನ್ನಮ್ಮನ ಹಾಗೆ, ವಾಕ್ಯದ ಕೊನೆಯಲ್ಲಿ ಸ್ವಲ್ಪ ಉಸಿರೆಳೆದುಕೊಂಡು. ಮೂರು ಸಲ ನೋಡಿದೆ. ಕೆಳಗೆ ಬರೆಯುವ ಜಾಗ ಇದೆ ಎಂದ. ‘ಇವಳು ನನ್ನ ಮಗಳು, ಚಿಲಕ. ಕಂದಾ, ಇದು ಅಪ್ಪನ ಹೊಸ ನಂಬರು, ಒಂದು ಸಲ ಮಾತಾಡು’ ಎಂದು ನಂಬರು ಸಮೇತ ಬರೆಸಿದೆ. ಮಾರನೆಯ ಸಂಜೆಯೇ ಫೋನು ಕೂಗಿತು. ಅರ ಹಿಡಿದು ಒಂದು ಬೀಗದಕೈ ತೀಡುತ್ತಿದ್ದೆ. ಎತ್ತಿದರೆ, ‘ಅಪ್ಪಾ, ನಾನು ಚಿಲಕ.’ ಅರ ಕೈಜಾರಿ ಬಿತ್ತು. ಅಳು ಬಂತೆಂದು ಬರೆಯಲು ನಾಚಿಕೆಯಿಲ್ಲ. ಅವತ್ತು ಬೇಗ ಅಂಗಡಿ ಮುಚ್ಚಿದೆ. ಸಲೂನಿನವನು ‘ಏನ್ ಯಜಮಾನ್ರೇ, ಮದುವೆ ಗೊತ್ತಾಯ್ತಾ?’ ಅಂತ ಕೇಳಿದ.

ನೀನು ಈಗ ಎಷ್ಟು ಮೆತ್ತಗೆ ಮಾತಾಡುತ್ತೀ! ಮೊದಲೆಲ್ಲ ನಾನು ಬಾಯಿ ಬಿಡುವ ಮುಂಚೆ ಉತ್ತರ ಕೊಡುತ್ತಿದ್ದೆ. ಈಗ ಎಲ್ಲ ಕೇಳಿಸಿಕೊಳ್ಳುತ್ತೀ. ನಿನ್ನ ಅಮ್ಮನ ವಿಚಾರ, ಅಂಗಡಿ ವಿಚಾರ, ನೀನು ಚಿಕ್ಕವಳಾಗಿದ್ದಾಗ ಬಾಗಿಲ ಚಿಲಕ ಹಿಡಿದು ಜೋತಾಡುತ್ತಿದ್ದುದು, ಅದಕ್ಕೇ ಆ ಹೆಸರು ಬಿದ್ದದ್ದು, ಎಲ್ಲ ಹೇಳಿಸಿಕೊಂಡೆ. ಗೊತ್ತಿದ್ದರೂ ಹೇಳಿಸಿಕೊಳ್ಳುವುದು ಮಕ್ಕಳ ಪ್ರೀತಿ.

ಇಂತಿ
ಅಪ್ಪ


ಜನವರಿ 27

ಅಪ್ಪಾ,

ಈ ಕಾಗದವನ್ನು ಎರಡು ಸಲ ಓದು. ನಾನು ನಿನಗೆ ಫೋನ್ ಮಾಡಿಲ್ಲ. ಒಂದು ದಿನವೂ ಮಾಡಿಲ್ಲ.

ನಿನ್ನ ಕಾಗದ ಓದಿ ಪಾಠದ ಕೆಳಗೆ ಹುಡುಕಿದೆ. ನೀನು ಬರೆಸಿದ ಸಾಲು ಅಲ್ಲೇ ಇದೆ. ಅವನ್ನೆಲ್ಲ ಗ್ರಂಥಾಲಯದವರು ನೋಡಿಕೊಳ್ಳುತ್ತಾರೆ, ನಾನು ನೋಡುವುದಿಲ್ಲ. ಯಾರಿಗೂ ನಂಬರ್ ಕೊಡಬೇಡಿ ಎಂದು ನಾನು ಹೇಳುತ್ತಿರುವ ಪಾಠದ ಕೆಳಗೇ ನನ್ನ ಅಪ್ಪನ ನಂಬರು, ನನ್ನ ಮುದ್ದಿನ ಹೆಸರು. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ. ಯಾರೋ ಅದನ್ನು ಓದಿದ್ದಾರೆ. ಪಾಠಗಳಿಂದ ನನ್ನ ದನಿ ತೆಗೆದುಕೊಂಡಿದ್ದಾರೆ. ದನಿಯ ಒಂದು ತುಣುಕು ಸಿಕ್ಕರೆ ಸಾಕು ಅಪ್ಪಾ, ಯಂತ್ರವು ಆ ದನಿಯಲ್ಲಿ ಬೇಕಾದ ಮಾತನ್ನೆಲ್ಲ ಆಡುತ್ತದೆ. ನಾನು ಗಂಟೆಗಟ್ಟಲೆ ಕೊಟ್ಟಿದ್ದೇನೆ.

ಆ ನಂಬರಿಗೆ ಕೂಡಲೇ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಮತ್ತೆ ಮಾಡಿದರೆ ಕಟ್ ಮಾಡಿದೆ. ನಾಳೆಯೇ ಹೊರಟು ಬರುತ್ತಿದ್ದೆ, ಆದರೆ ಹೋದ ವಾರ ಗ್ರಂಥಾಲಯದ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡೆ. ತೊಡೆಯವರೆಗೂ ಪ್ಲಾಸ್ಟರು, ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ.

ನಮ್ಮ ತರಗತಿಯಲ್ಲಿ ಎಲ್ಲರಿಗೂ ಹೇಳಿಕೊಡುವ ಉಪಾಯ ಒಂದಿದೆ: ಮನೆಯವರ ನಡುವೆ ಒಂದು ಗುಟ್ಟಿನ ಮಾತು. ಫೋನಿನಲ್ಲಿ ಯಾರೇ ‘ನಾನು ನಿನ್ನ ಮಗಳು’ ಎಂದರೂ ‘ಗುಟ್ಟಿನ ಮಾತು ಹೇಳು’ ಅನ್ನಬೇಕು. ನಮ್ಮದು, ‘ತಗಡಿನ ಗುಬ್ಬಿ’. ನೀನು ಚೂರು ತಗಡಿನಲ್ಲಿ ಕತ್ತರಿಸಿಕೊಟ್ಟಿದ್ದೆಯಲ್ಲ, ಅದು. ನೀನಾಗಿ ಹೇಳಬೇಡ. ಕೇಳು, ಆಮೇಲೆ ಸುಮ್ಮನಿರು. ಅವಳಿಗೆ ಹೇಳಲು ಬರುವುದಿಲ್ಲ. ಅಲ್ಲಿಗೆ ನಿನಗೇ ತಿಳಿಯುತ್ತದೆ.

ಇಂತಿ
ನಿನ್ನ ಮಗಳು, ನಿಜವಾದವಳು


ಫೆಬ್ರವರಿ 6

ಪ್ರೀತಿಯ ಚಿಲಕಾ,

ನೀನು ಕಳಿಸಿದ ಗುಟ್ಟಿನ ಮಾತು ಬೆಣ್ಣೆಯ ಹಾಗೆ ತಿರುಗಿತು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ, ನಿನಗೂ ಗೊತ್ತು. ಹೊಸ ಬೀಗದಕೈ ಮಾಡಿದರೆ ಹಾಗೇ ಎತ್ತಿ ಕೊಡಬಾರದು. ಗಿರಾಕಿಯ ಎದುರಿಗೇ ಬೀಗಕ್ಕೆ ಹಾಕಿ ಒಮ್ಮೆ ತಿರುಗಿಸಿ ತೋರಿಸಬೇಕು. ಹಾಗೆ ಮಾಡದೆ ಕೊಟ್ಟವನು ಬೀಗದವನೇ ಅಲ್ಲ. ಅದಕ್ಕೇ ಮೊದಲ ದಿನ ಸುಮ್ಮನೆ ಪರೀಕ್ಷೆಗೆಂದು, ‘ಗುಟ್ಟಿನ ಮಾತು ತಗಡಿನ ಗುಬ್ಬಿ ತಾನೇ? ಸರಿಯಾಗಿ ಕೂರುತ್ತಾ ನೋಡ್ತಿದ್ದೀನಿ’ ಎಂದೆ. ‘ಹೂಂ ಅಪ್ಪಾ, ಅದೇ’ ಎಂದೆ ನೀನು. ಮಾರನೆಯ ದಿನ ನಿಜವಾಗಿ ಕೇಳಿದೆ, ಗಡುಸು ದನಿಯಲ್ಲಿ. ತಡವರಿಸದೆ ‘ತಗಡಿನ ಗುಬ್ಬಿ’ ಎಂದೆ ನೀನು. ಇನ್ನೇನು ಬೇಕು? ಸುಮ್ಮನೆ ನನ್ನನ್ನು ಹೆದರಿಸಿಬಿಟ್ಟಿದ್ದೆ, ಎರಡು ದಿನ ಅನ್ನ ಸೇರಿರಲಿಲ್ಲ.

ನಿನ್ನ ಕಾಗದವನ್ನು ಫೋನಿನಲ್ಲಿ ನಿನಗೇ ಓದಿ ಹೇಳಿದೆ. ನೀನು ನಕ್ಕೆ. ‘ಅದು ಕ್ಲಾಸಿನವರಿಗೆಲ್ಲ ಕಳಿಸೋ ಮಾದರಿ ಕಾಗದ ಅಪ್ಪಾ, ನೀನು ಹುಷಾರಾಗಿದ್ದೀಯಾ ಅಂತ ನೋಡೋಕೆ’ ಎಂದೆ. ಕಾಲು ಮುರಿದಿದೆಯಂತಲ್ಲ ಎಂದರೆ, ‘ನನ್ನ ಕಾಲಿಗೇನಾಗಿದೆ, ಕುಣೀತಿದ್ದೀನಿ’ ಎಂದೆ. ಪರೀಕ್ಷೆಗೂ ಒಂದು ಮಿತಿ ಬೇಡವೇ ಮಾರಾಯ್ತಿ? ಗುರುತಿಲ್ಲದ ನಂಬರೊಂದು ಪದೇ ಪದೇ ಬರುತ್ತಿತ್ತು. ಕಟ್ ಮಾಡಿದೆ ಎಂದಾಗ ನೀನು ಶಹಭಾಸ್ ಅಂದೆ. ಸಲೂನಿನವನ ಕೈಯಲ್ಲಿ ಅದನ್ನು ಪೂರ್ತಿ ಬಂದ್ ಮಾಡಿಸಿದ್ದೇನೆ.

ಒಂದು ವಿಚಾರ ಮಾತ್ರ ವಿಚಿತ್ರ, ಕೇಳು. ಬೀಗದೊಳಗಿನ ಪಿನ್ನು ಕೂತ ಸದ್ದು ಕೇಳುವ ಕಿವಿ ನನ್ನದು. ನೀನು ಮಾತು ನಿಲ್ಲಿಸಿದಾಗ ಆ ಕಡೆ ಏನೂ ಇರುತ್ತಿರಲಿಲ್ಲ. ಕುರ್ಚಿಯಿಲ್ಲ, ಬೀದಿಯಿಲ್ಲ, ಉಸಿರಿಲ್ಲ. ಮುಚ್ಚಿದ ಪೆಟ್ಟಿಗೆಗೆ ಕಿವಿಗೊಟ್ಟ ಹಾಗೆ. ‘ನೀನು ಉಸಿರಾಡೋದೇ ಕೇಳ್ಸಲ್ವಲ್ಲೇ’ ಎಂದು ತಮಾಷೆ ಮಾಡಿದೆ. ಮಾರನೆಯ ದಿನದಿಂದ ಉಸಿರು ಕೇಳಿಸುತ್ತಿದೆ. ಫೋನು ರಿಪೇರಿ ಮಾಡಿಸಿದೆಯಾ?

ನಿನ್ನೆ ನಿನ್ನ ಹೆಬ್ಬೆರಳ ಗಾಯದ ಕಥೆ ಹೇಳಿಸಿಕೊಂಡೆ. ಕೀ ಕೊರೆಯುವ ಮಷೀನಿಗೆ ಕೈಯಿಟ್ಟು ಉಗುರಿನ ಕೆಳಗೆ ಅರ್ಧಚಂದ್ರ ಬಿತ್ತಲ್ಲ, ಅದು. ನೀನು ಅಳಲೇ ಇಲ್ಲ, ನಾನೇ ಅತ್ತೆ. ಅದನ್ನೂ ಹೇಳಿದೆ.

ಇಂತಿ
ಅಪ್ಪ


ಫೆಬ್ರವರಿ 14

ಅಪ್ಪಾ, ನನ್ನಪ್ಪಾ,

ಈ ಸಲ ಕೈಯಲ್ಲೇ ಬರೆಯುತ್ತಿದ್ದೇನೆ. ಮಲಗಿಕೊಂಡು ಬರೆಯುವುದರಿಂದ ಅಕ್ಷರ ಸೊಟ್ಟ.

ಕೀ ನೀನೇ ಕೊಟ್ಟುಬಿಟ್ಟೆ. ತಿರುಗಿಸಿ ತೋರಿಸುವಾಗ ಅವಳು ಅಚ್ಚು ತೆಗೆದುಕೊಂಡಳು. ಗುಟ್ಟಿನ ಮಾತನ್ನು ಕೇಳಬೇಕಿತ್ತು, ಹೇಳಬಾರದಿತ್ತು. ನಿನ್ನನ್ನು ಬೈಯಲು ಆಗುತ್ತಿಲ್ಲ. ಇಂಥ ಉಪಾಯವನ್ನು ಬೀಗದವನಿಗೆ ಹೇಳುವಾಗ ಅವನ ಪದ್ಧತಿ ನೆನಪಾಗಬೇಕಿತ್ತು ನನಗೆ.

ಸಲೂನ್ ಮಾಮನಿಗೆ ಸಂಜೆ ಫೋನ್ ಮಾಡಿದೆ. ‘ನಾನು, ಬೀಗದವರ ಮಗಳು’ ಅಂದೆ. ಅವರು ಕತ್ತರಿ ಆಡಿಸುವುದನ್ನು ನಿಲ್ಲಿಸಿದ್ದು ಕೇಳಿಸಿತು. ‘ನೀವಾ? ಹಾಗಾದ್ರೆ ಮೇಲೆ ನಿಮ್ಮಪ್ಪನ ಹತ್ರ ಮಾತಾಡ್ತಿರೋರು ಯಾರಮ್ಮಾ? ಮೊನ್ನೆ ನನ್ನ ಮಂಡಿನೋವು ಹೇಗಿದೆ ಅಂತಲೂ ಕೇಳಿದ್ರಲ್ಲ’ ಅಂದರು. ‘ಫೋನನ್ನ ಮೇಲಕ್ಕೆ ಹಿಡೀರಿ ಮಾಮ’ ಅಂದೆ. ಹಿಡಿದರು. ನಿನ್ನ ಕೋಣೆಯ ಹಲಗೆ ನೆಲ ಅವರ ಸೂರು ತಾನೇ. ಮೊದಲು ನಿನ್ನ ಕೆಮ್ಮು ಕೇಳಿಸಿತು. ಆಮೇಲೆ ನಗು.

ಅದು ನನ್ನ ನಗು ಅಪ್ಪಾ. ನಾನು ಹಾಸಿಗೆಯ ಮೇಲೆ ಬಾಯಿ ಮುಚ್ಚಿಕೊಂಡು ಮಲಗಿದ್ದೆ, ಅಲ್ಲಿ ನಿನ್ನ ಕೋಣೆಯಲ್ಲಿ ನಾನು ನಗುತ್ತಿದ್ದೆ. ಸಲೂನ್ ಮಾಮ ‘ಈ ತಮಾಷೆ ಚೆನ್ನಾಗಿಲ್ಲಮ್ಮಾ’ ಎಂದು ಫೋನ್ ಇಟ್ಟುಬಿಟ್ಟರು. ಆಮೇಲೆ ಅವರೂ ಎತ್ತುತ್ತಿಲ್ಲ.

ನಿಮ್ಮ ಬೀದಿಯ ಠಾಣೆಗೂ ಹೇಳಿದೆ. ‘ಏನು ಕಳವಾಗಿದೆ?’ ಎಂದರು. ಏನೆಂದು ಹೇಳಲಿ? ನನ್ನ ದನಿ ಅನ್ನಲೇ, ನನ್ನಪ್ಪ ಅನ್ನಲೇ? ‘ಇಬ್ಬರೂ ಹೆಣ್ಮಕ್ಕಳು ಕೂತು ಬಗೆಹರಿಸಿಕೊಳ್ಳಿ’ ಎಂದರು, ನಾವು ಅಕ್ಕತಂಗಿಯರೆಂದುಕೊಂಡು.

ನಿನ್ನ ಕಾಲಿಗೆ ಬೀಳುತ್ತೇನೆ, ಆ ಫೋನನ್ನು ಆರಿಸಿಡು. ಅವಳ ಹತ್ತಿರ ಮಾತಾಡಬೇಡ. ಈಗಲೇ, ಇವತ್ತೇ.

ಇಂತಿ
ಚಿಲಕ


ಮಾರ್ಚ್ 2

ಕಾಗದ ಬರೆಯುತ್ತಿರುವವಳಿಗೆ,

ಹೇಗೆ ಕರೆಯಬೇಕೆಂದು ತಿಳಿಯದೆ ಎರಡು ಹಾಳೆ ಹರಿದೆ.

ಪಾಠದ ಹಾಳೆಯನ್ನು ಗೋಡೆಗೆ ಅಂಟಿಸಿದ್ದೇನೆ. ನಿನ್ನೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದೇ ಸಾಲು ಓದಿದೆ. ಅವಸರ ಮಾಡುವವರನ್ನು ನಂಬಬೇಡ ಎಂದಿದೆ. ‘ಈಗಲೇ, ಇವತ್ತೇ’ ಎಂದು ಅವಸರ ಮಾಡುತ್ತಿರುವವರು ಯಾರು? ಫೋನಿನ ಮಗಳು ಒಂದು ದಿನವೂ ಅವಸರ ಮಾಡಿಲ್ಲ. ಹೆದರಿಸುವವರನ್ನು ನಂಬಬೇಡ ಎಂದಿದೆ. ನನ್ನ ನಿದ್ದೆ ಕೆಡಿಸಿದ್ದು ಫೋನಲ್ಲ, ಕಾಗದ. ಬೇರೆಯವರ ಹತ್ತಿರ ಮಾತಾಡಬೇಡ ಎನ್ನುವವರನ್ನು ನಂಬಬೇಡ ಎಂದಿದೆ. ಅದನ್ನು ಹೇಳಿದ್ದೂ ಕಾಗದವೇ. ನಂಬರ್ ಕೇಳಿದ್ದು ಯಾರು? ಕಾಲು ಮುರಿದಿದೆ ಎಂದು ಕರುಣೆ ಹುಟ್ಟಿಸಿದ್ದು ಯಾರು? ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಲಿಲ್ಲ. ನಾನೇ ಕೂತು ಯೋಚಿಸಿದೆ. ಫೋನಿನಲ್ಲಿ ಕೇಳಿದಾಗ ಅವಳು ನಿಟ್ಟುಸಿರು ಬಿಟ್ಟು, ‘ಪಾಪ, ಯಾರೋ ನನ್ನ ಹೆಸರಲ್ಲಿ ಬರೀತಿದ್ದಾರೆ ಅಪ್ಪಾ. ಬೈಬೇಡ, ಉತ್ತರ ಮಾತ್ರ ಕೊಡಬೇಡ’ ಎಂದಳು.

ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಕಾಗದದಲ್ಲಿ ಒಂದೊಂದು ಕಡೆ ನೀನು ರೇಗುತ್ತೀ. ನನ್ನ ಮಗಳು ರೇಗುತ್ತಿದ್ದುದು ಹಾಗೇ. ಅಂಥ ಸಾಲು ಬಂದಾಗ ಅದನ್ನೇ ಮತ್ತೆ ಓದುತ್ತೇನೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನಗೂ ಗೊತ್ತು, ಆದರೆ ಎರಡು ಲೋಟವೂ ಬೆಳ್ಳಗಿವೆ.

ಒಂದು ಪ್ರಶ್ನೆ ಕೇಳುತ್ತೇನೆ. ಇಬ್ಬರಿಗೂ ಕೇಳುತ್ತೇನೆ. ತಗಡಿನ ಗುಬ್ಬಿ ಈಗ ಎಲ್ಲಿದೆ?

ಇಂತಿ
ಬೀಗದಂಗಡಿಯವನು


ಮಾರ್ಚ್ 10

ಅಪ್ಪಾ,

ಗೊತ್ತಿಲ್ಲ.

ಸುಳ್ಳು ಊಹೆ ಬರೆಯಬಹುದಿತ್ತು. ಬರೆಯುವುದಿಲ್ಲ. ಗುಬ್ಬಿಯನ್ನು ನಾನು ಶಾಲೆಗೆ ಹೋಗುವ ಕಾಲದಲ್ಲೇ ಕಳೆದುಕೊಂಡೆ. ಆಮೇಲೆ ನಿನಗೆ ಸಿಕ್ಕಿತೋ, ಎಲ್ಲಿಟ್ಟೆಯೋ, ನಾನು ಬಂದು ನೋಡಿದ್ದರೆ ತಾನೇ ಗೊತ್ತಾಗುವುದು? ಅವಳಿಗೆ ಗೊತ್ತಿರುತ್ತದೆ. ನೀನೇ ಯಾವತ್ತೋ ಹೇಳಿರುತ್ತೀ. ನೀನು ಹೇಳಿದ್ದೆಲ್ಲ ಅವಳ ಹತ್ತಿರ ಇದೆ, ಒಂದೂ ಮರೆಯುವುದಿಲ್ಲ ಅವಳು. ಮರೆಯುವುದು ನಾನು. ರೇಗುವುದು ನಾನು. ಗೊತ್ತಿಲ್ಲದಿರುವುದೇ ನನ್ನ ಗುರುತು ಅಪ್ಪಾ. ನಿನ್ನ ಕೈಯಲ್ಲಿ ಸಾವಿರ ಬೀಗದಕೈ ಹಾದುಹೋಗಿವೆ. ಹಳೆಯ ಅಸಲಿಗೆ ಸವಕಲು ಇರುತ್ತದೆ, ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತದೆ. ಸಲೀಸಾಗಿ ತಿರುಗುವುದು ಹೊಸ ನಕಲು. ಇದನ್ನು ನಾನು ನಿನಗೆ ಹೇಳಬೇಕೇ?

ಪ್ಲಾಸ್ಟರು ಬಿಚ್ಚುವ ದಿನ ಹತ್ತಿರ ಬಂತು. ಬಿಚ್ಚಿದ ಕೂಡಲೇ ಬರುತ್ತೇನೆ.

ಇಂತಿ
ನಿನ್ನ ಚಿಲಕ


ಏಪ್ರಿಲ್ 2

ಕಾಗದ ಬರೆಯುವವಳಿಗೆ,

ಇದು ನನ್ನ ಕೊನೆಯ ಉತ್ತರ. ಉತ್ತರ ಕೊಡದೆ ಸುಮ್ಮನಿರುವುದು ನನ್ನ ಸ್ವಭಾವವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಗುಬ್ಬಿ ನನ್ನ ಕೀ ಕೊರೆಯುವ ಮಷೀನಿನ ಮೇಲೆ, ಮೊಳೆಗೆ ತೂಗುಹಾಕಿದೆ. ಮಷೀನು ಓಡಿದಾಗ ಅಲುಗುತ್ತದೆ. ಫೋನಿನ ಮಗಳು ಕೇಳಿದ ತಕ್ಷಣ ಹೇಳಿದಳು. ನಾನು ಮೊದಲೇ ಹೇಳಿದ್ದೆನೇನೋ, ಇರಬಹುದು. ಹೇಳಿದ್ದನ್ನು ನೆನಪಿಟ್ಟುಕೊಂಡಳಲ್ಲ. ಅಷ್ಟು ನೆನಪಿಟ್ಟುಕೊಳ್ಳುವ ಮಕ್ಕಳು ಎಷ್ಟು ಜನಕ್ಕಿದ್ದಾರೆ?

ಅವಳು ನನ್ನನ್ನು ಕರೆದಳು. ಅಂಗಡಿ ಮುಚ್ಚಿ ಬಂದ್ಬಿಡು ಅಪ್ಪಾ ಎಂದಳು, ಅದೇ ಹಳೆಯ ಮಾತು. ಅವತ್ತು ಜಗಳವಾಗಿತ್ತು. ಈ ಸಲ ನಾನು ಹೂಂ ಅಂದೆ. ಇಷ್ಟು ವರ್ಷ ನಾನು ಕಾದದ್ದು ಇನ್ನೊಂದು ಸಲ ಕರೆಯಲಿ ಎಂದೇ. ಹನ್ನೆರಡನೆಯ ತಾರೀಕು ಬೆಳಗ್ಗೆ ಕಾರು ಕಳಿಸುತ್ತಾಳೆ. ಅಂಗಡಿ ಮತ್ತು ಕೋಣೆಯ ಪತ್ರಗಳನ್ನೆಲ್ಲ ತಾನೇ ನೋಡಿಕೊಳ್ಳುತ್ತಾಳಂತೆ. ಅದಕ್ಕೆಂದು ಫೋನಿಗೆ ಒಂದಷ್ಟು ಅಂಕಿ ಬಂದವು, ಓದಿ ಹೇಳಿದೆ. ಓಟಿಪಿಯನ್ನು ಯಾರಿಗೂ ಹೇಳಬೇಡ ಎಂದು ಹಾಳೆಯಲ್ಲಿದೆ. ನನ್ನ ಮಗಳು ಯಾರೋ ಅಲ್ಲವಲ್ಲ.

ಎಲ್ಲಿಗೆ ಹೋಗುತ್ತೇನೆಂದು ಬರೆಯುವುದಿಲ್ಲ. ಹೊಸ ಮನೆಯ ವಿಳಾಸವನ್ನು ಯಾರಿಗೂ ಕೊಡಬಾರದೆಂದು ಅವಳು ಹೇಳಿದ್ದಾಳೆ, ನನಗೂ ಇನ್ನೂ ಹೇಳಿಲ್ಲ. ಕಾರಿನವನಿಗೆ ಗೊತ್ತಂತೆ.

ಇಂತಿ
ಬೀಗದಂಗಡಿಯವನು


ಏಪ್ರಿಲ್ 11, ಸಂಜೆ, ನಿನ್ನ ಬಾಗಿಲ ಹೊರಗೆ

ಅಪ್ಪಾ,

ಈ ಚೀಟಿಯನ್ನು ಬಾಗಿಲ ಕೆಳಗಿಂದ ತೂರಿಸುತ್ತಿದ್ದೇನೆ. ಊರುಗೋಲು ಹಿಡಿದು ಬಂದಿದ್ದೇನೆ, ಮೆಟ್ಟಿಲ ಮೇಲೆ ಕೂತಿದ್ದೇನೆ.

ನಾನು ‘ಅಪ್ಪಾ’ ಎಂದು ಬಾಗಿಲು ಬಡಿದೆ. ಒಳಗಿಂದ ನಾನೇ ‘ಅಪ್ಪಾ, ತೆಗೀಬೇಡ’ ಎಂದೆ. ಅದೇ ದನಿ, ಒಂದೇ ಹೊತ್ತಿಗೆ, ಬಾಗಿಲ ಈಚೆಗೂ ಆಚೆಗೂ. ಒಂದು ಗಳಿಗೆ ನನಗೇ ಗೊತ್ತಾಗಲಿಲ್ಲ, ಮಾತಾಡಿದ್ದು ನಾನೋ ಅವಳೋ ಎಂದು. ಅವಳು ನನಗಿಂತ ಚೆನ್ನಾಗಿ ನಿನ್ನ ಜೊತೆ ಮಾತಾಡುತ್ತಾಳೆ, ಅದನ್ನು ಒಪ್ಪುತ್ತೇನೆ. ಆದರೆ ಅವಳಿಗೆ ಕೈಯಿಲ್ಲ ಅಪ್ಪಾ. ನೀನು ಸರಪಳಿ ಹಾಕಿ ಬಾಗಿಲು ಸಂದು ಮಾಡಿದಾಗ ಕೈ ಚಾಚಿದೆ. ನನ್ನ ಹೆಬ್ಬೆರಳು ಮುಟ್ಟಿದೆ ನೀನು. ಮುಟ್ಟಿದವನು ಯಾಕೆ ಬಿಟ್ಟೆ?

ಸಲೂನಿಗೆ ಇವತ್ತು ಬೀಗ ಬಿದ್ದಿದೆ. ನಾನು ದೊಡ್ಡ ಠಾಣೆಗೆ ಹೋಗುತ್ತಿದ್ದೇನೆ. ನಾಳೆ ಕಾರು ಬರುವ ಮುಂಚೆ ಪೊಲೀಸರನ್ನು ಕರೆದುಕೊಂಡು ಬರುತ್ತೇನೆ. ಯಾರೇ ಬಂದರೂ ಹತ್ತಬೇಡ. ಈ ಚೀಟಿಯನ್ನು ಅವಳಿಗೆ ಓದಿ ಹೇಳಬೇಡ. ಅದೊಂದು ಮಾಡಬೇಡ ಅಪ್ಪಾ.

ಚಿಲಕ


ಏಪ್ರಿಲ್ 12, ಬೆಳಗಿನ ಜಾವ
(ಸಲೂನಿನ ಬಾಗಿಲ ಕೆಳಗೆ ಇಟ್ಟದ್ದು. ನಿನ್ನೆ ಬಂದಿದ್ದ ಹೆಂಗಸು ಕೇಳಿದರೆ ಕೊಡುವುದು.)

ಅಮ್ಮಾ ತಾಯಿ,

ನೀವು ಯಾರೋ ನನಗೆ ತಿಳಿಯದು. ಹೆಸರು ಹಿಡಿದು ಕರೆಯುವ ಹಕ್ಕು ನನಗಿಲ್ಲ, ಅದಕ್ಕೇ ಹೀಗೆ ಬರೆಯುತ್ತಿದ್ದೇನೆ. ನೀವು ಪೊಲೀಸರ ಜೊತೆ ಬರುವ ಹೊತ್ತಿಗೆ ನಾನು ಹೊರಟಿರುತ್ತೇನೆ. ನಿಮ್ಮ ಚೀಟಿಯನ್ನು ಮಗಳಿಗೆ ಓದಿ ಹೇಳಿದೆ. ಮನೆಮಕ್ಕಳಿಂದ ಮುಚ್ಚಿಡಲು ನನಗೆ ಬರುವುದಿಲ್ಲ. ಅವಳು ಗಾಬರಿಯಾಗಿ ಕಾರನ್ನು ಈಗಲೇ ಕಳಿಸಿದ್ದಾಳೆ. ಕೆಳಗೆ ನಿಂತಿದೆ, ದೀಪ ಆರಿಸಿಕೊಂಡು. ಈ ಕಾಗದ ಮುಗಿಸಿ ಇಳಿಯುತ್ತೇನೆ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿನ್ನೆಯಿಂದ ಮನಸ್ಸಿಗೆ ಸಮಾಧಾನವಿಲ್ಲ, ಅಷ್ಟೆ. ನನ್ನ ಮೆಟ್ಟಿಲುಗಳಲ್ಲಿ ಒಂದು ಹಲಗೆ ಸಡಿಲ. ಗೊತ್ತಿಲ್ಲದವರು ಕಾಲಿಟ್ಟರೆ ಕಿರ್ ಎಂದು ಕೂಗುತ್ತದೆ. ನೀವು ಕೋಲೂರಿಕೊಂಡು ಹತ್ತಿ ಬಂದಾಗ ಅದು ಕೂಗಲಿಲ್ಲ. ಹೇಗೆ ತಪ್ಪಿಸಿದಿರಿ? ‘ಬಹಳ ದಿನದಿಂದ ಮನೆ ಮೇಲೆ ಕಣ್ಣಿಟ್ಟಿದ್ದಾರೆ ಅಪ್ಪಾ’ ಎಂದಳು ಮಗಳು. ಇರಬಹುದು. ಮುಖ ನೋಡೋಣವೆಂದರೆ ನನ್ನ ಕಣ್ಣು ಹೊಗೆ. ಮುಖವನ್ನೂ ಈಗ ನಕಲು ಮಾಡುತ್ತಾರೆಂದು ಪಾಠದಲ್ಲೇ ಇದೆ.

ನಿಮ್ಮ ಹೆಬ್ಬೆರಳು ಮುಟ್ಟಿದೆ. ಉಗುರಿನ ಕೆಳಗೆ ಅರ್ಧಚಂದ್ರ ಸಿಕ್ಕಿತು. ಅದೇ ಜಾಗ, ಅದೇ ಆಳ. ಸರಪಳಿ ತೆಗೆಯಲು ಕೈ ಹಾಕಿಯೂ ಬಿಟ್ಟಿದ್ದೆ. ಅಷ್ಟರಲ್ಲಿ ಫೋನಿನಲ್ಲಿ ಮಗಳು ಅಳತೊಡಗಿದಳು. ‘ಗಾಯದ ಕಥೆ ನೀನು ನನಗೆ ಫೋನಲ್ಲಿ ಹೇಳಿದ್ದೆಯಲ್ಲ ಅಪ್ಪಾ, ಯಾರೋ ಕದ್ದು ಕೇಳಿಸಿಕೊಂಡಿದ್ದಾರೆ’ ಎಂದಳು. ನನ್ನ ಮಗಳು ಮಷೀನಿಗೆ ಬೆರಳು ಕೊಟ್ಟ ದಿನವೂ ಅತ್ತವಳಲ್ಲ, ನಿನ್ನೆ ಅತ್ತಳು. ಅವಳನ್ನು ಅಳಿಸಿಬಿಟ್ಟೆನಲ್ಲ ಎಂದು ಬಾಗಿಲು ಮುಚ್ಚಿದೆ.

ಆಮೇಲೆ ಕೂತು ಯೋಚಿಸಿದೆ. ಒಬ್ಬ ಮುದುಕನನ್ನು ಮೋಸ ಮಾಡಲು ಸ್ವಂತ ಬೆರಳು ಕುಯ್ದುಕೊಂಡಿರಲ್ಲ ತಾಯಿ. ಎಷ್ಟು ನೋವಾಗಿರಬೇಕು. ಯಾರು ಮಾಡಿಸುತ್ತಾರೆ ನಿಮ್ಮಿಂದ ಇಂಥದ್ದನ್ನೆಲ್ಲ? ಬಾಗಿಲಾಚೆ ನೀವು ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದಿರಿ. ನೀವು ಉಸಿರಾಡುವುದು ನನಗೆ ಕೇಳಿಸುತ್ತಿತ್ತು. ಮಾತಿನ ಕೊನೆಯಲ್ಲಿ ಸ್ವಲ್ಪ ಎಳೆದುಕೊಳ್ಳುತ್ತೀರಿ, ನನ್ನ ಹೆಂಡತಿಯ ಹಾಗೆ. ಅದನ್ನೂ ಕಲಿತಿದ್ದೀರಿ. ಬಾಗಿಲಿಗೆ ಕಿವಿಯಿಟ್ಟು ಕೇಳುತ್ತಾ ನಾನೂ ಒಳಗೆ ನೆಲದ ಮೇಲೆಯೇ ಕೂತಿದ್ದೆ. ನಿಮಗೆ ಹೇಳಬೇಕೆನಿಸಿತು, ಹೇಳಿದೆ.

ಮಷೀನಿನ ಮೇಲಿದ್ದ ತಗಡಿನ ಗುಬ್ಬಿಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಮಗಳಿಗೆಂದು ಎತ್ತಿಟ್ಟುಕೊಂಡಿದ್ದೆ. ‘ಅದೆಲ್ಲ ಯಾಕಪ್ಪಾ, ಹಳೇ ತಗಡು’ ಎಂದಳು. ನೀವು ಅದರ ವಿಚಾರ ಅಷ್ಟು ಹಂಬಲಿಸಿ ಬರೆದಿರಿ, ನಿಮಗಿರಲಿ.

ಕಾರಿನವನು ಹಾರ್ನ್ ಮಾಡುತ್ತಿದ್ದಾನೆ. ಒಂದು ಮಾತು ಹೇಳಿ ಇಳಿಯುತ್ತೇನೆ, ದೊಡ್ಡವನೆಂದು ಕೇಳಿ. ನಿಮಗೂ ಎಲ್ಲೋ ಒಬ್ಬ ಅಪ್ಪ ಇರಬೇಕು. ಇದ್ದರೆ ಈ ಕೆಲಸ ಬಿಟ್ಟು ಅವರ ಹತ್ತಿರ ಹೋಗಿ. ಫೋನಿನಲ್ಲಲ್ಲ, ಖುದ್ದಾಗಿ ಹೋಗಿ ಬಾಗಿಲು ಬಡಿಯಿರಿ. ಮುದುಕರು ಸಿಟ್ಟಿನಲ್ಲಿ ಏನೇ ಅಂದಿರಲಿ, ಮಕ್ಕಳನ್ನು ಗುರುತು ಹಿಡಿಯುತ್ತಾರೆ.

ಇಂತಿ ನಿಮ್ಮ
ಬೀಗದಂಗಡಿಯವನು